ಸ್ಮ್ಯಾಶ್ ಹೊಡೆಯೋರಿಗೆಲ್ಲ ಹೆಡ್ ಹೆವಿ ಬ್ಯಾಟೇ ಬೇಕಾ?

ಪ್ರಶ್ನೆ: ವಾರಕ್ಕೆ ಮೂರು ಸಂಜೆ ಶಟಲ್ ಆಡುತ್ತೇನೆ. ಬಹುಪಾಲು ಡಬಲ್ಸ್. ಸ್ಮ್ಯಾಶ್ ಅಂದರೆ ಪ್ರಾಣ. ಹೊಸ ಬ್ಯಾಟ್ ತಗೋಬೇಕು. ಅಟ್ಯಾಕಿಂಗ್ ಆಟಕ್ಕೆ ಹೆಡ್ ಹೆವಿ (ತಲೆ ಕಡೆ ಭಾರ ಇರೋದು), ಸ್ಟಿಫ್ ಶಾಫ್ಟ್ (ಹಿಡಿಗೂ ತಲೆಗೂ ನಡುವಿನ ಕಡ್ಡಿ ಸುಲಭಕ್ಕೆ ಬಾಗದ್ದು) ತಗೋ ಅಂತ ಎಲ್ಲರೂ ಹೇಳುತ್ತಾರೆ. ಸರಿನಾ?

ಉತ್ತರ: ಅರ್ಧ ಸರಿ. ಉಳಿದರ್ಧಕ್ಕೆ ನಿಮ್ಮ ಮೊಣಕೈ ದಂಡ ಕಟ್ಟಬೇಕಾಗಬಹುದು.

2023ರ ಏಪ್ರಿಲ್‌ನಲ್ಲಿ ನಮ್ಮ ದೇಶದ ಸಾತ್ವಿಕ್‌ಸಾಯಿರಾಜ್ ರಂಕಿರೆಡ್ಡಿ ಜಪಾನಿನಲ್ಲಿ ಗಂಟೆಗೆ 565 ಕಿ.ಮೀ. ವೇಗದ ಸ್ಮ್ಯಾಶ್ ಹೊಡೆದು ಗಿನ್ನೆಸ್ ದಾಖಲೆ ಮಾಡಿದರು. ಅವರ ಕೈಯಲ್ಲಿದ್ದದ್ದು ಯೋನೆಕ್ಸ್ ನ್ಯಾನೋಫ್ಲೇರ್ 1000 ಝಡ್. ಅದು ಹೆಡ್ ಲೈಟ್, ಅಂದರೆ ತಲೆ ಹಗುರ ಇರೋ ಬ್ಯಾಟ್! ದಾಖಲೆಗಾಗಿಯೇ ಹೊಡೆದ ಹೊಡೆತ ಅದು, ಮ್ಯಾಚಿನಲ್ಲಿ ಅಲ್ಲ, ನಿಜ. ಆದರೂ ತಲೆ ಭಾರ ಇದ್ದರಷ್ಟೇ ಸ್ಮ್ಯಾಶ್ ಅನ್ನೋ ಮಾತು ಅಲ್ಲಿಗೇ ಬಿತ್ತು, ಅಲ್ವಾ?

ಸೌದೆ ಒಡೆಯೋ ಕೊಡಲಿಯನ್ನು ನೆನೆಸಿಕೊಳ್ಳಿ. ಎತ್ತೋದು ಕಷ್ಟ, ಎತ್ತಿದ ಮೇಲೆ ಇಳಿಯುವಾಗ ಭಾರವೇ ಅರ್ಧ ಕೆಲಸ ಮಾಡುತ್ತದೆ. ಹೆಡ್ ಹೆವಿ ಬ್ಯಾಟ್ ಹಾಗೆ. ಹೆಡ್ ಲೈಟ್ ಕುಡುಗೋಲಿನ ಥರ, ಕೈ ಆಡಿಸಿದ ಕಡೆ ತಿರುಗುತ್ತದೆ. ಅದರಲ್ಲಿ ಏಟಿನ ಜೋರು ನಿಮ್ಮ ಕೈಯ ವೇಗದಿಂದಲೇ ಬರಬೇಕು. ಸಾತ್ವಿಕ್ ಕೈಯಲ್ಲಿ ಆ ವೇಗ ಇದೆ. ನಮ್ಮ ಕೈಯಲ್ಲಿ? ಅದಕ್ಕೇ ನಮ್ಮಂಥವರಿಗೆ ಹಿಂದಿನಿಂದ ಹೊಡೆಯುವಾಗ ತಲೆಭಾರ ಸ್ವಲ್ಪ ಸಹಾಯ ಮಾಡೋದು ಸುಳ್ಳಲ್ಲ.

ಆದರೆ ಡಬಲ್ಸ್‌ನಲ್ಲಿ ನೀವು ಎಷ್ಟು ಹೊತ್ತು ಹಿಂದೆ ಇರುತ್ತೀರಿ? ಒಂದು ಸಂಜೆ ಎಣಿಸಿ ನೋಡಿ. ಸ್ಮ್ಯಾಶ್‌ಗಿಂತ ಡ್ರೈವ್, ಬ್ಲಾಕ್, ನೆಟ್ ಹತ್ತಿರದ ತಟ್ಟಾಟ, ಎದುರಾಳಿಯ ಸ್ಮ್ಯಾಶ್ ಎತ್ತೋದು, ಇವೇ ಜಾಸ್ತಿ ಸಿಗುತ್ತವೆ. ಅಲ್ಲೆಲ್ಲ ಬ್ಯಾಟ್ ಕಣ್ಣುಮಿಟುಕಿಸೋದರೊಳಗೆ ಎದೆ ಮುಂದೆ ಬರಬೇಕು. ತಲೆಭಾರದ್ದು ಒಂದು ಚೂರು ತಡ ಮಾಡುತ್ತದೆ. ಇಂಡೊನೇಷ್ಯಾದ ಗಿಡಿಯಾನ್ ಮತ್ತು ಸುಕಮುಲ್ಜೊ ಜೋಡಿ ನೆನಪಿದೆಯಾ? ಹಿಂದಿನಿಂದ ಹೊಡೆಯುತ್ತಿದ್ದ ಗಿಡಿಯಾನ್ ಕೈಗೆ ಯೋನೆಕ್ಸ್‌ನ ಆಸ್ಟ್ರಾಕ್ಸ್ 88ಡಿ, ನೆಟ್ ಬಳಿ ಜಾದೂ ಮಾಡುತ್ತಿದ್ದ ಸುಕಮುಲ್ಜೊ ಕೈಗೆ 88ಎಸ್. ಒಂದೇ ಮನೆತನದ ಎರಡು ಬ್ಯಾಟ್, ನಿಲ್ಲುವ ಜಾಗಕ್ಕೆ ತಕ್ಕಂತೆ. ನಾವು ಸಂಜೆ ಆಡೋ ಡಬಲ್ಸ್‌ನಲ್ಲಿ ಯಾರು ಎಲ್ಲಿರುತ್ತಾರೋ ದೇವರಿಗೇ ಗೊತ್ತು. ಹಾಗಾಗಿ ಈವನ್ ಬ್ಯಾಲೆನ್ಸ್ ಅನ್ನೇ, ಅಂದರೆ ತಲೆ ಭಾರವೂ ಅಲ್ಲದ ಹಗುರವೂ ಅಲ್ಲದ ಬ್ಯಾಟನ್ನೇ, ನಾನು ಮೊದಲು ಹೇಳೋದು. ಶಟಲನ್ನು ಜಾಗ ನೋಡಿ ಇಡುವವರಿಗೂ ಅದೇ ಚೆನ್ನ. 1980ರ ಆಲ್ ಇಂಗ್ಲೆಂಡ್ ಫೈನಲ್‌ನಲ್ಲಿ ನಮ್ಮ ಪ್ರಕಾಶ್ ಪಡುಕೋಣೆ ಜಂಪ್ ಸ್ಮ್ಯಾಶ್‌ಗೆ ಹೆಸರಾದ ಲೀಮ್ ಸ್ವೀ ಕಿಂಗ್ ಅವರನ್ನು 15-3, 15-10ರಿಂದ ಸೋಲಿಸಿದರಲ್ಲ, ಅದು ತೋಳ್ಬಲದ ಆಟವೇನಲ್ಲ.

ನಿಜವಾದ ಎಡವಟ್ಟು ಆಗೋದು ಶಾಫ್ಟ್ ವಿಷಯದಲ್ಲಿ. ಬ್ಯಾಟ್ ಬೀಸಿದಾಗ ಶಾಫ್ಟ್ ಸ್ವಲ್ಪ ಬಾಗಿ, ಶಟಲ್ ತಾಗುವ ಹೊತ್ತಿಗೆ ನೆಟ್ಟಗಾಗಬೇಕು. ಸ್ಟಿಫ್ ಶಾಫ್ಟ್ ಬಾಗಬೇಕಾದರೆ ಕೈ ಬಹಳ ಚುರುಕಾಗಿರಬೇಕು. ಇಲ್ಲದಿದ್ದರೆ ಹಲಗೆಯಲ್ಲಿ ಹೊಡೆದ ಹಾಗೆ. ನಾನೂ ಟಿವಿ ನೋಡಿ ಎಕ್ಸ್‌ಟ್ರಾ ಸ್ಟಿಫ್ ತಂದಿದ್ದೆ. ಶಟಲ್ ಅರ್ಧ ಕೋರ್ಟಿಗೇ ಬೀಳುತ್ತಿತ್ತು, ಜೋರು ಕೂಡಿಸಲು ಹೋಗಿ ಎರಡು ತಿಂಗಳು ಮೊಣಕೈ ನೋವು. ಪರೀಕ್ಷೆ ಸುಲಭ: 13.4 ಮೀಟರ್ ಉದ್ದದ ಕೋರ್ಟಿನ ಒಂದು ಕೊನೆಯಿಂದ ಇನ್ನೊಂದು ಕೊನೆಗೆ, ತಿಣುಕದೆ, ಹತ್ತು ಸಲ ಟಾಸ್ (ಎತ್ತರಕ್ಕೆ ಹೋಗೋ ಉದ್ದ ಹೊಡೆತ) ಹೊಡೆಯಿರಿ. ಏಳೆಂಟು ಸಲವಾದರೂ ಮುಟ್ಟದಿದ್ದರೆ ಮೀಡಿಯಂ ಅಥವಾ ಫ್ಲೆಕ್ಸಿಬಲ್ ಶಾಫ್ಟೇ ನಿಮ್ಮದು. ಇದರಲ್ಲಿ ನಾಚಿಕೆ ಏನಿಲ್ಲ.

ತೂಕ: 3ಯು ಅಂದರೆ 85ರಿಂದ 89 ಗ್ರಾಂ, 4ಯು ಅಂದರೆ 80ರಿಂದ 84. ಡಬಲ್ಸ್‌ಗೆ 4ಯು ಸಾಕು. ಗಟ್ಟಿಂಗ್ (ಬ್ಯಾಟಿನ ದಾರದ ನೆಟ್) 22ರಿಂದ 24 ಪೌಂಡ್ ಬಿಗಿಗೆ ಹಾಕಿಸಿ. 28 ಕೇಳಬೇಡಿ. ಬಿಗಿ ಹೆಚ್ಚಿದಷ್ಟೂ ಶಟಲ್ ಬ್ಯಾಟಿನ ನೆಟ್ಟಿನ ನಡುವೆಯೇ ತಾಗಬೇಕು, ಒಂಚೂರು ಆಚೀಚೆ ಆದರೂ ಶಟಲ್ ಸತ್ತುಹೋಗುತ್ತದೆ.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಕಳ್ಳದಾರಿ. ದುಡ್ಡು ಬಿಚ್ಚುವ ಮೊದಲು ನಿಮ್ಮ ಹಳೇ ಬ್ಯಾಟನ್ನು ಒಂದು ಬೆರಳ ಮೇಲೆ ನಿಲ್ಲಿಸಿ. ಹಿಡಿಯ ತುದಿಯಿಂದ ಸುಮಾರು 290 ಮಿ.ಮೀ. ದೂರದಲ್ಲಿ ನಿಂತರೆ ಈವನ್. ಅದಕ್ಕಿಂತ ಚೆನ್ನಾಗಿ ಮೇಲೆ ಹೋದರೆ ಹೆಡ್ ಹೆವಿ. ಹಿಡಿಗೆ ಇನ್ನೊಂದು ಓವರ್ ಗ್ರಿಪ್ ಸುತ್ತಿದರೆ ಭಾರ ಕೆಳಗಿಳಿದು ತಲೆ ಹಗುರ ಅನ್ನಿಸುತ್ತದೆ. ಕಂಪನಿ ಕೊಟ್ಟ ದಪ್ಪ ಗ್ರಿಪ್ ಬಿಚ್ಚಿ ತೆಳ್ಳಗಿನದೊಂದೇ ಸುತ್ತಿದರೆ ತಲೆ ಭಾರ ಅನ್ನಿಸುತ್ತದೆ. ಎರಡನ್ನೂ ಒಂದೊಂದು ವಾರ ಆಡಿ ನೋಡಿ, ಮೂರನೇ ಗೇಮಿನಲ್ಲಿ ಕೈ ಹೇಗಿದೆ ಅಂತ ಗಮನಿಸಿ. ಅದರಲ್ಲೇ ಸರಿಹೋದರೆ ಅಂಗಡಿಗೆ ಹೋಗೋದು ಗಟ್ಟಿಂಗ್‌ಗೆ ಮಾತ್ರ.