ಗೇಟಿನ ತೂಕ ಬೇರೆ, ಕೈಗೆ ಬರುವ ದುಡ್ಡು ಬೇರೆ

ಶುಕ್ರವಾರ ಸಿನಿಮಾ ಬಿಡುಗಡೆಯಾದರೆ ಸೋಮವಾರ ನನ್ನ ಫೋನಿಗೆ ಬಿಡುವಿಲ್ಲ. ‘ಸಾರ್, ನಿಮ್ಮ ಪೇಪರಲ್ಲಿ ನಲವತ್ತು ಕೋಟಿ ಅಂತಿದೆ, ಯೂಟ್ಯೂಬಿನವನು ಅರವತ್ತು ಅಂತಾನೆ. ಯಾರು ಸುಳ್ಳು?’ ಮೈಸೂರಿನಲ್ಲಿ ಕೂತು ಇಪ್ಪತ್ತೈದು ವರ್ಷ ಸಿನಿಮಾ ಪುಟ ಕಟ್ಟಿದ್ದೇನೆ. ವಿಮರ್ಶೆ ಓದಿ ಬೈದವರನ್ನು ಸಹಿಸಿಕೊಂಡಿದ್ದೇನೆ, ನಮ್ಮ ನಟನ ಫೋಟೋ ಚಿಕ್ಕದಾಯಿತು ಅಂತ ಕಚೇರಿ ಮೆಟ್ಟಿಲಲ್ಲಿ ಕೂತವರಿಗೆ ಟೀ ಕುಡಿಸಿದ್ದೇನೆ. ಈ ಕೋಟಿ ಲೆಕ್ಕದ ಫೋನು ಬಂದಾಗ ಮಾತ್ರ ತಾಳ್ಮೆ ಕೈಕೊಡುತ್ತದೆ. ಯಾಕೆಂದರೆ ಉತ್ತರ ‘ಇಬ್ಬರೂ ಸುಳ್ಳು ಹೇಳದೇ ಇರಬಹುದು’ ಅಂತ. ಅದನ್ನು ಕೇಳುವ ಪುರುಸೊತ್ತು ಅತ್ತಲಿನವರಿಗೆ ಇರುವುದಿಲ್ಲ.

ಒಬ್ಬ ಟಿಕೆಟ್ ಕೌಂಟರಿನ ಒಟ್ಟು ದುಡ್ಡು ಬರೆದಿರುತ್ತಾನೆ, ಇನ್ನೊಬ್ಬ ತೆರಿಗೆ ಕಳೆದು ಬರೆದಿರುತ್ತಾನೆ. ಒಬ್ಬನದು ಕರ್ನಾಟಕದ ಲೆಕ್ಕ, ಇನ್ನೊಬ್ಬನದು ಪ್ರಪಂಚದ್ದು. ಮೂರನೆಯವನು ಓಟಿಟಿ, ಸ್ಯಾಟಲೈಟ್ ಅಂದರೆ ಟಿವಿ, ಡಬ್ಬಿಂಗ್ ಹಕ್ಕು ಮಾರಿದ ದುಡ್ಡೆಲ್ಲವನ್ನೂ ಒಂದೇ ಚೀಲಕ್ಕೆ ಸುರಿದು ‘ಬಿಸಿನೆಸ್’ ಅನ್ನುತ್ತಾನೆ. ಇಷ್ಟೂ ಅಂಕಿಗಳ ಮೇಲೆ ಮುದ್ರೆ ಒತ್ತುವ ಸರ್ಕಾರಿ ಲೆಕ್ಕಿಗ ನಮ್ಮಲ್ಲಿ ಇಲ್ಲ. ಥಿಯೇಟರಿನವರು ಆಟ ಆಟದ ಲೆಕ್ಕ ಬರೆದು ದಿನಾ ಕಳಿಸುವ ಡಿಸಿಆರ್, ಅಂದರೆ ಡೈಲಿ ಕಲೆಕ್ಷನ್ ರಿಪೋರ್ಟ್, ಇದೆ ನಿಜ. ಅದು ಹಂಚಿಕೆದಾರರ ಕಪಾಟಿನಲ್ಲಿರುತ್ತದೆ. ನಮ್ಮ ಟೇಬಲ್ಲಿಗೆ ಬರುವುದು ಚಿತ್ರದ ಪ್ರಚಾರ ನೋಡಿಕೊಳ್ಳುವ ಪಿಆರ್‌ಓ ಕಳಿಸಿದ ಪೋಸ್ಟರ್, ಅದರ ಮೇಲೆ ಸಿಂಹದಷ್ಟು ದೊಡ್ಡ ಸೊನ್ನೆಗಳು.

ಇದರಲ್ಲಿ ನಮ್ಮ ಪಾಲೂ ಇದೆ, ಮುಚ್ಚಿಡುವುದಿಲ್ಲ. ಕಲೆಕ್ಷನ್ ಅಂದರೆ ವಸೂಲಿ. ‘ವಸೂಲಿ’ ಅಂತ ತಲೆಬರಹ ಕೊಟ್ಟರೆ ಬ್ಯಾಂಕಿನವರು ಮನೆಗೆ ಬಂದಂತೆ ಕೇಳಿಸುತ್ತೆ ಅಂತ ಡೆಸ್ಕಿನಲ್ಲಿ ‘ಗಳಿಕೆ’ ಮಾಡಿದೆವು. ಮೂರೇ ಅಕ್ಷರ, ಒಂದು ಕಾಲಮ್ಮಿಗೆ ಹದವಾಗಿ ಕೂರುತ್ತದೆ. ಆದರೆ ಗಳಿಸಿದ ಅಂದರೆ ಜೇಬಿಗೆ ಬಂತು ಅಂತಲ್ಲವೇ ಕನ್ನಡದಲ್ಲಿ? ಓದಿದವನು ಹಾಗೇ ತಿಳಿದುಕೊಂಡರೆ ತಪ್ಪು ಅವನದಲ್ಲ.

ಕೆಲವು ವರ್ಷದ ಹಿಂದೆ ಮದ್ದೂರು ಕಡೆಯ ಕಬ್ಬು ಬೆಳೆಗಾರರೊಬ್ಬರು ಹುಡುಕಿಕೊಂಡು ಬಂದರು. ಕಂಕುಳಲ್ಲಿ ನಮ್ಮದೇ ಪುಟದ ಕಟಿಂಗ್‌ಗಳ ಫೈಲು. ಅಕ್ಕನ ಮಗನನ್ನು ಹೀರೋ ಮಾಡಿ ಸಿನಿಮಾ ತೆಗೆಯಬೇಕಂತೆ. ‘ನೂರ್ ಕೋಟಿ ಬ್ಯಾಡ ಸಾ, ನಮ್ಗೆ ಅತ್ ಕೋಟಿ ಬಂದ್ರೆ ಸಾಕು. ನಾಕ್ ಕೋಟಿ ಆಕ್ತೀವಿ, ಆರು ಉಳೀತದೆ.’ ಎರಡೆಕರೆ ಜಮೀನಿನ ಮಾತುಕತೆಯೂ ಆಗಿತ್ತು.

ನಾನು ಚಾರ್ಟರ್ಡ್ ಅಕೌಂಟೆಂಟ್ ಅಲ್ಲ, ಒಪ್ಪಂದದಿಂದ ಒಪ್ಪಂದಕ್ಕೆ ಲೆಕ್ಕ ಬದಲಾಗುತ್ತದೆ ಅಂತ ಮೊದಲೇ ಹೇಳಿ, ಹಾಳೆ ಎಳೆದುಕೊಂಡೆ. ಅವತ್ತಿನ ಹಾಳೆಯನ್ನೇ ಈಗಿನ ದರ ಹಾಕಿ ಇಲ್ಲಿ ಬಿಡಿಸುತ್ತೇನೆ, ದಯವಿಟ್ಟು ನಿಧಾನವಾಗಿ ಓದಿ.

ಮಾಲ್‌ನಲ್ಲಿ ನೀವು ಟಿಕೆಟ್ಟಿಗೆ 236 ರೂಪಾಯಿ ಕೊಟ್ಟಿರಿ ಅನ್ನಿ. ಅದರಲ್ಲಿ 36 ಜಿಎಸ್‌ಟಿ. ನೂರು ರೂಪಾಯಿ ಮೇಲಿನ ಟಿಕೆಟ್ಟಿಗೆ ಶೇ. 18, ನೂರರವರೆಗಿನದಕ್ಕೆ 2025ರ ಸೆಪ್ಟೆಂಬರ್ 22ರಿಂದ ಶೇ. 5, ಅದಕ್ಕೂ ಮೊದಲು 12 ಇತ್ತು. ಉಳಿದದ್ದು 200. ಆನ್‌ಲೈನ್ ಬುಕ್ಕಿಂಗ್ ಶುಲ್ಕ ಬೇರೆ, ಅದು ಈ ಲೆಕ್ಕಕ್ಕೆ ಬರುವುದೇ ಇಲ್ಲ. ಈ 200ರಲ್ಲಿ ಮಲ್ಟಿಪ್ಲೆಕ್ಸ್‌ನವರಿಗೆ ಮೊದಲ ವಾರ ಅರ್ಧದ ಆಸುಪಾಸು ಹೋಗುತ್ತದೆ, ವಾರ ಕಳೆದಂತೆ ಅವರ ಪಾಲು ಏರುತ್ತದೆ. ಉಳಿದ 100ಕ್ಕೆ ‘ಶೇರ್’ ಅನ್ನುತ್ತಾರೆ. ಹಂಚಿಕೆದಾರ ಕಮಿಷನ್ ಮೇಲೆ ತೆಗೆದುಕೊಂಡಿದ್ದರೆ ಅವನ ಪಾಲು ಹತ್ತು ಅಂತಿಟ್ಟುಕೊಳ್ಳಿ. ಉಳಿಯಿತು 90. ಅದರಲ್ಲೇ ಪೋಸ್ಟರ್, ಪೇಪರ್ ಜಾಹೀರಾತು, ಡಿಜಿಟಲ್ ಪ್ರೊಜೆಕ್ಷನ್ ಶುಲ್ಕ ಎಲ್ಲ ಮುರಿದುಕೊಳ್ಳುತ್ತಾರೆ. ಹೀಗೆ ನೂರು ಕೋಟಿ ಪೂರಾ ಶೇ. 18ರ ಟಿಕೆಟ್ಟಿನಿಂದಲೇ ಬಂದರೂ ತೆರಿಗೆ ಕಳೆದು 85ರ ಹತ್ತಿರ, ಶೇರ್ 42, ಕಮಿಷನ್ ಕಳೆದು 38. ಹತ್ತು ಕೋಟಿಗೆ ಮೂರು ಮುಕ್ಕಾಲು. ಅವರು ಹಾಕಬೇಕು ಅಂದುಕೊಂಡಿದ್ದು ನಾಲ್ಕು.

ಸಿಂಗಲ್ ಸ್ಕ್ರೀನಿನಲ್ಲಿ ಇನ್ನೊಂದು ಥರ. ಅಲ್ಲಿ ವಾರದ ಬಾಡಿಗೆ ಪದ್ಧತಿ ಹೆಚ್ಚು. ಜನ ಬರಲಿ, ಬಾವಲಿ ಬರಲಿ, ಬಾಡಿಗೆ ಬಾಡಿಗೆಯೇ. ಹೊಸಬರ ಚಿತ್ರವಾದರೆ ಅದನ್ನು ಮೊದಲೇ ಕಟ್ಟಬೇಕಾಗಿ ಬರಬಹುದು. ಮೈಸೂರಲ್ಲಿ ಶಾಂತಲಾ, ಲಕ್ಷ್ಮಿ ಬಾಗಿಲು ಹಾಕಿದ ಮೇಲಂತೂ ಉಳಿದ ಪರದೆಗಳಿಗೆ ಪೈಪೋಟಿ. ಇನ್ನು ಗಾಂಧಿನಗರದ ಸಿನಿಮಾ ವ್ಯಾಪಾರದವರು ಎಂಎಂಸಿಎಚ್ ಅನ್ನುವ ನಮ್ಮ ಮೈಸೂರು, ಮಂಡ್ಯ, ಹಾಸನದ ಕಡೆಯ ಏರಿಯಾ ಹಕ್ಕನ್ನು ಮುಂಗಡ ಕೊಟ್ಟು ಕೊಳ್ಳುವುದು ದೊಡ್ಡ ಹೆಸರಿದ್ದ ಚಿತ್ರಕ್ಕೆ. ಅಕ್ಕನ ಮಗನಿಗಲ್ಲ.

ಅವರು ಹಾಳೆ ನೋಡಿದರು. ನಂಬಲಿಲ್ಲ. ‘ಪೇಪರ್ನಾಗೆ ನೀವೇ ಬರ್ದೀರಲ್ಲ ಸಾ.’

ಆಗ ನನಗೆ ಹೊಳೆದದ್ದು ಕಬ್ಬು. ಫ್ಯಾಕ್ಟರಿ ಗೇಟಿನಲ್ಲಿ ಲಾರಿ ತೂಗಿದಾಗ ಎಷ್ಟು ಟನ್ ಬಂತು ಅಂತ ಊರಿಗೆಲ್ಲ ಹೇಳ್ತೀರಿ, ಸರಿ. ಅಷ್ಟೂ ನಿಮಗೆ ಸಕ್ಕರೆಯಾಗಿ ವಾಪಸು ಬರುತ್ತಾ? ನಕ್ಕರು. ‘ಎಲ್ಲಿ ಬತ್ತದೆ? ಅದೇನಿದ್ರೂ ಇಳುವರಿ ಮ್ಯಾಲೆ.’ ಇಳುವರಿ ಅಂದರೆ ಕಬ್ಬು ಅರೆದಾಗ ಸಿಗುವ ಸಕ್ಕರೆಯ ಪ್ರಮಾಣ. ದರಕ್ಕೂ ಅದಕ್ಕೂ ಇರುವ ಗಂಟು ನನಗಿಂತ ಚೆನ್ನಾಗಿ ಅವರಿಗೇ ಗೊತ್ತಿತ್ತು. 2025-26ರ ಹಂಗಾಮಿನ ದರವನ್ನೇ ನೋಡಿ: ಕೇಂದ್ರ ಕಟ್ಟಿದ ಎಫ್‌ಆರ್‌ಪಿ, ಅಂದರೆ ಕಾರ್ಖಾನೆ ರೈತನಿಗೆ ಕೊಡಲೇಬೇಕಾದ ದರ, ಟನ್ನಿಗೆ 3,550 ರೂಪಾಯಿ ಇತ್ತು, ಅದೂ ಶೇ. 10.25 ಇಳುವರಿ ಇದ್ದರೆ. ಅದರಲ್ಲೂ ಕಟಾವು, ಸಾಗಣೆ ಕೂಲಿ ಮುರಿದ ಮೇಲೆ ಕೈಗೆ ಸಿಗುವುದೇ ಬೇರೆ. ಒಂದು ಟನ್ನಿಗೆ ಇಷ್ಟು ಲೆಕ್ಕ ಹಾಕುವ ಮನುಷ್ಯ, ಸಿನಿಮಾ ಅಂದ ಕೂಡಲೇ ಗೇಟಿನ ತೂಕವನ್ನೇ ಸಕ್ಕರೆ ಅಂದುಕೊಳ್ಳುತ್ತಾನೆ. ಹೊಟ್ಟೆ ಉರಿಯುತ್ತದೆ. ಪ್ರೀತಿಯೂ ಆಗುತ್ತದೆ, ಏನು ಮಾಡಲಿ.

ನನಗೆ ಈ ವ್ಯತ್ಯಾಸ ಕಲಿಸಿದ್ದು ಯಾವ ಸಂಪಾದಕನೂ ಅಲ್ಲ, ಒಂದು ಥಿಯೇಟರಿನ ಸೈಕಲ್ ಸ್ಟ್ಯಾಂಡಿನವನು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಹೊರಗೆ ‘ಹೌಸ್‌ಫುಲ್’ ಬೋರ್ಡು ನೋಡಿ ಖುಷಿಯಿಂದ ಬರೆದುಕೊಳ್ಳುತ್ತಿದ್ದೆ. ಆತ ಕರೆದು ಹರಿದ ಚೀಟಿ ಕಟ್ಟು ತೋರಿಸಿದ: ಸೈಕಲ್ ನಲವತ್ತೊಂದು, ಸ್ಕೂಟರ್ ಹದಿನೆಂಟು. ‘ಬೋರ್ಡು ಅವರ್ದು ಸಾರ್, ಚೀಟಿ ನಂದು.’ ಆಮೇಲೆ ಎಷ್ಟೋ ವರ್ಷ ನನ್ನ ‘ಆಪ್ತ ಮೂಲಗಳು’ ಅಂದರೆ ಅವನೇ.

ಮದ್ದೂರಿನವರ ಕಥೆ ಏನಾಯಿತು ಅಂತ ಕೇಳುತ್ತೀರಿ. ಜಮೀನು ಮಾರಲಿಲ್ಲ, ಅಷ್ಟು ಸಮಾಧಾನ. ಸಿನಿಮಾ ಬಿಡಲೂ ಇಲ್ಲ. ನಾಲ್ಕು ಜನ ನೆಂಟರು ಸೇರಿಸಿ, ಖರ್ಚು ಅರ್ಧಕ್ಕಿಂತ ಕೆಳಗೆ ತಂದು, ಊರ ಗದ್ದೆ ಬಯಲಲ್ಲೇ ಚಿತ್ರೀಕರಿಸಿ ಬಿಡುಗಡೆ ಮಾಡಿದರು. ಹುಡುಗ ಚೆನ್ನಾಗಿಯೇ ಮಾಡಿದ್ದ, ಹಾಗಂತಲೇ ಬರೆದೆ. ಸೋಮವಾರ ಬೆಳಿಗ್ಗೆ ಫೋನು. ‘ಸಾ, ಮೂರ್ ದಿನದ್ ಗಳಿಕೆ ಎರಡ್ ಕೋಟಿ ಅಂತ ಆಕ್ಬುಡಿ.’

ಡಿಸಿಆರ್ ಕಳಿಸಿ, ಹಾಕುತ್ತೇನೆ ಅಂದೆ. ಒಂದು ಕ್ಷಣ ಸದ್ದಿಲ್ಲ. ಆಮೇಲೆ ಜೋರಾಗಿ ನಕ್ಕುಬಿಟ್ಟರು. ಡಿಸಿಆರ್ ಇವತ್ತಿಗೂ ಬಂದಿಲ್ಲ. ಆ ಸಂಕ್ರಾಂತಿಗೆ ಆಲೆಮನೆಯಿಂದ ಎರಡು ಪೆಂಟೆ ಬೆಲ್ಲ ಬಂತು.