ಶಾಲೆ ಇರೋದು ಯಾಕೆ? ನಲಿ-ಕಲಿ ಇಟ್ಟುಕೊಂಡು ಒಂದು ಟಿಪ್ಪಣಿ

ಬಿ.ಎಡ್., ಟಿಇಟಿಗೆ (ಶಿಕ್ಷಕರ ಅರ್ಹತಾ ಪರೀಕ್ಷೆ) ಓದುವವರಿಗೆ ಈ ಪ್ರಶ್ನೆ ಹೊಸದಲ್ಲ: ಶಾಲೆಯ ಉದ್ದೇಶವೇನು, ನಿಮ್ಮ ಬೋಧನಾ ತತ್ವ ಏನು? 'ಸರ್ವಾಂಗೀಣ ವಿಕಾಸ' ಅಂತ ಬರೆದು ಮುಂದಿನ ಪ್ರಶ್ನೆಗೆ ಹೋಗಿಬಿಡುತ್ತೇವೆ. ತಪ್ಪೇನಿಲ್ಲ. ಶಿಕ್ಷಣ ಹಕ್ಕು ಕಾಯ್ದೆ 2009ರ 29ನೇ ಸೆಕ್ಷನ್ನಿನಲ್ಲೂ ಅದೇ ಇದೆ. ಅದರ ಜೊತೆಗೇ ಮಗುವಿಗೆ ಭಯ, ಆತಂಕ ಇರಬಾರದು ಅಂತಲೂ ಇದೆ, ನನಗೆ ಜಾಸ್ತಿ ಮುಖ್ಯ ಅನ್ನಿಸುವುದು ಅದು. ಒಂದು ಶಾಲೆ ಹೇಗಿದೆ ಅಂತ ತಿಳಿಯಬೇಕಾದರೆ, ಹತ್ತು ದಿನ ಬಾರದೇ ಇದ್ದ ಮಗು ಹನ್ನೊಂದನೇ ದಿನ ಬಂದಾಗ ಅದಕ್ಕೆ ಅಲ್ಲಿ ಏನು ಸಿಗುತ್ತದೆ ಅಂತ ನೋಡಿದರೆ ಸಾಕು.

ಇದಕ್ಕೆ ನಮ್ಮದೇ ಉದಾಹರಣೆ ಇದೆ: ನಲಿ-ಕಲಿ, ಅಂದರೆ ಒಂದರಿಂದ ಮೂರನೇ ತರಗತಿಯ ಮಕ್ಕಳು ಚಟುವಟಿಕೆಯ ಕಾರ್ಡುಗಳನ್ನು ಇಟ್ಟುಕೊಂಡು ತಮ್ಮ ತಮ್ಮ ವೇಗದಲ್ಲಿ ಕಲಿಯುವ ಪದ್ಧತಿ. ನಲಿ-ಕಲಿ ಶುರುವಾಗಿದ್ದು 1995ರಲ್ಲಿ, ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ, ಯುನಿಸೆಫ್ ನೆರವಿನಿಂದ. ಆಂಧ್ರದ ರಿಷಿ ವ್ಯಾಲಿಯ ಹಳ್ಳಿ ಶಾಲೆಗಳನ್ನು ನೋಡಿ ಬಂದ ಸರ್ಕಾರಿ ಶಾಲೆ ಮೇಷ್ಟ್ರುಗಳೇ ಕೂತು ಕಾರ್ಡು ತಯಾರಿಸಿದರು. 2009-10ರಲ್ಲಿ ಅದು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಹಬ್ಬಿತು.

ಗೋಡೆಯ ಮೇಲೆ ಕಲಿಕಾ ಏಣಿ ಇರುತ್ತದೆ. ಅದರಲ್ಲಿ ಮೈಲಿಗಲ್ಲುಗಳು, ಪ್ರತಿ ಮೆಟ್ಟಿಲಿಗೂ ಒಂದು ಚಿತ್ರ, ಒಂದು ಸಂಖ್ಯೆ. ಓದೋಕೆ ಬಾರದ ಒಂದನೇ ತರಗತಿ ಮಗುವೂ ಚಿತ್ರ ನೋಡಿ ತಾನೆಲ್ಲಿದ್ದೇನೆ ಅಂತ ಕಂಡುಕೊಂಡು, ಅದೇ ಚಿತ್ರದ ಕಾರ್ಡು ತೆಗೆದುಕೊಂಡು ತನ್ನ ಗುಂಪಿನಲ್ಲಿ ಕೂರುತ್ತದೆ. ಸುಗ್ಗಿಗೆ ಅಪ್ಪ ಅಮ್ಮನ ಜೊತೆ ಹೊಲಕ್ಕೆ ಹೋಗಿದ್ದರೆ ಬಿಟ್ಟ ಮೆಟ್ಟಿಲಿನಿಂದಲೇ ಮುಂದುವರಿಯಬಹುದು. 'ಪಾಠ ಮುಂದೆ ಹೋಗಿದೆ, ನೋಟ್ಸ್ ಬರೆದುಕೋ' ಅನ್ನೋ ಮಾತೇ ಇಲ್ಲ.

ಅಕ್ಷರದ ಕ್ರಮವನ್ನೂ ಗಮನಿಸಿ. ಅ, ಆ, ಇ, ಈ ಅಲ್ಲ; ರ, ಗ, ಸ, ದ, ಅ. ಐದೇ ಅಕ್ಷರ, ಅಷ್ಟರಲ್ಲೇ ಸರ, ಅರಸ, ಅಗಸ, ದಸರ, ಗರಗಸ ಎಲ್ಲ ಓದಬಹುದು! ಸ್ವರಗಳನ್ನೇ ಸಾಲಾಗಿ ತಿದ್ದುತ್ತಾ ಕೂತರೆ ಇಷ್ಟು ಪದ ಸಿಗೋದಿಲ್ಲ, ಅಲ್ವಾ? ಮೊದಲ ವಾರಗಳಲ್ಲೇ 'ನಂಗೆ ಓದೋಕೆ ಬರುತ್ತೆ' ಅಂತ ಮಗುವಿಗೆ ಅನ್ನಿಸಬೇಕು, ಭಯ ಹೋಗೋದು ಹಾಗೆ. ಸುಮ್ನೆ ಬೈಯದೇ ಇದ್ದರೆ ಸಾಲದು.

ಯಾರ ನೆರವು ಎಷ್ಟು ಬೇಕು ಅನ್ನುವುದರ ಮೇಲೆ ಮಕ್ಕಳು ಕೂರುವ ಐದು ಗುಂಪು ಪರೀಕ್ಷೆಗೆ ನೆನಪಿರಲಿ: ಶಿಕ್ಷಕರ ಪೂರ್ಣ ನೆರವು, ಶಿಕ್ಷಕರ ಭಾಗಶಃ ನೆರವು, ಸಹಪಾಠಿಗಳ ಪೂರ್ಣ ನೆರವು, ಸಹಪಾಠಿಗಳ ಭಾಗಶಃ ನೆರವು, ಸ್ವಕಲಿಕೆ. ಬಾಯಿಪಾಠ ಮಾಡುವಾಗ ಅರ್ಥವನ್ನೂ ನೋಡಿ: ಮೇಷ್ಟ್ರು ಒಂದು ಗುಂಪಿನ ಜೊತೆ ನೆಲದ ಮೇಲೆ ಕೂತಿರುವಾಗ ಉಳಿದ ನಾಲ್ಕೂ ತಮ್ಮ ಪಾಡಿಗೆ ಕಲಿಯುತ್ತಿರಬೇಕು.

ಇದು ಹೇಳಿದಷ್ಟು ಸುಲಭ ಅಲ್ಲ. ಒಂದರಿಂದ ಮೂರನೇ ತರಗತಿ ಒಂದೇ ಕೋಣೆಯಲ್ಲಿ, ಒಬ್ಬರೇ ಶಿಕ್ಷಕರು, ಮೇಲೆ ದಾಖಲೆ ತುಂಬುವ ಕೆಲಸ ಬೇರೆ. ಕಾರ್ಡು ಹರಿದರೆ, ಕಳೆದರೆ ಏಣಿಯಲ್ಲಿ ಮೆಟ್ಟಿಲೇ ಇಲ್ಲದಂತೆ. ಇನ್ನು ನಾಲ್ಕನೇ ತರಗತಿಗೆ ಬಂದ ಕೂಡಲೇ ಏಣಿ ಮುಗಿಯಿತು, ಪಠ್ಯಪುಸ್ತಕ ಶುರು, ಎಲ್ಲರಿಗೂ ಒಂದೇ ದಿನ ಒಂದೇ ಪಾಠ. ಆ ಹತ್ತು ದಿನ ಬಾರದ ಮಗುವಿಗೆ ಅಲ್ಲಿ ಏನು ವ್ಯವಸ್ಥೆ ಮಾಡುತ್ತೀರಿ? ನಿಮ್ಮ ಬೋಧನಾ ತತ್ವದ ಉತ್ತರವನ್ನು ಇಲ್ಲಿಂದ ಬರೆಯೋಕೆ ಶುರು ಮಾಡಿ.