ಎಂಟನೇ ಲೇನಿನಲ್ಲಿ ಒಂದು ಸುತ್ತು

ತುಮಕೂರಿನ ಮಹಾತ್ಮ ಗಾಂಧಿ ಕ್ರೀಡಾಂಗಣದಲ್ಲಿ 400 ಮೀಟರ್ ಓಟಕ್ಕೆ ಹುಡುಗರು ಸಾಲುಗೊಂಡಾಗ, ಹೊರಗಿನ ಲೇನಿನವನು ಅಷ್ಟು ಮುಂದೆ ನಿಂತಿರುವುದು ಅನ್ಯಾಯವಲ್ಲವೇ ಎಂಬ ಪ್ರಶ್ನೆ ನೋಡುಗರಲ್ಲಿ ಏಳುವುದು ಸಹಜ. ಲೇನಿನ ಅಗಲ 1.22 ಮೀಟರ್ ಇರುವುದರಿಂದ ಹೊರಕ್ಕೆ ಹೋದಂತೆಲ್ಲ ಸುತ್ತಳತೆ ಹೆಚ್ಚುತ್ತದೆ. ಅದನ್ನು ಸರಿದೂಗಿಸಲು ಎಂಟನೇ ಲೇನಿನ ಓಟಗಾರನನ್ನು ಸುಮಾರು 53 ಮೀಟರ್ ಮುಂದೆ ನಿಲ್ಲಿಸುತ್ತಾರೆ.

ಹೀಗೆ ದೂರ ಸಮನಾದರೂ ತಿರುವು ಸಮನಾಗುವುದಿಲ್ಲ. ಸೆಕೆಂಡಿಗೆ ಒಂಬತ್ತೂವರೆ ಮೀಟರ್ ವೇಗದಲ್ಲಿ ಬಾಗಿ ಓಡುವವನಿಗೆ, ಮೊದಲ ಲೇನಿನಲ್ಲಿ ದೇಹತೂಕದ ಕಾಲುಭಾಗದಷ್ಟು ಒಳಮುಖ ಬಲ ಬೇಕು. ಎಂಟನೆಯದರಲ್ಲಿ ಐದನೇ ಒಂದು ಭಾಗದಷ್ಟು ಸಾಕು. ಶಿರಾ, ಪಾವಗಡದ ಕಡೆಯ ಶಾಲಾ ಮೈದಾನದಲ್ಲಿ ಸುಣ್ಣದ ಗೆರೆ ಎಳೆದು 200 ಮೀಟರಿನ ಟ್ರ್ಯಾಕ್ ಮಾಡಿದರೆ ತಿರುವಿನ ತ್ರಿಜ್ಯ ಅರ್ಧಕ್ಕಿಳಿದು, ಅದೇ ವೇಗಕ್ಕೆ ಎರಡರಷ್ಟು ಬಲ ಬೇಕಾಗುತ್ತದೆ. ಅಲ್ಲಿನ ಮಕ್ಕಳ ಸಮಯವನ್ನು ಸಿಂಥೆಟಿಕ್ ಟ್ರ್ಯಾಕಿನ ಸಮಯದೊಡನೆ ನೇರವಾಗಿ ಹೋಲಿಸುವುದು ಸರಿಯಲ್ಲ.

ಹಾಗಿದ್ದರೂ ಎಂಟನೇ ಲೇನನ್ನು ಓಟಗಾರರು ಇಷ್ಟಪಡುವುದು ಕಡಿಮೆ, ಏಕೆಂದರೆ ಅಲ್ಲಿಂದ ಎದುರಾಳಿಗಳು ಕಾಣುವುದಿಲ್ಲ. 2016ರ ಆಗಸ್ಟ್ 14ರಂದು ರಿಯೊ ಒಲಿಂಪಿಕ್ಸ್ ಫೈನಲ್‌ನಲ್ಲಿ ದಕ್ಷಿಣ ಆಫ್ರಿಕದ ವೇಯ್ಡ್ ವಾನ್ ನೀಕರ್ಕ್ ಅದೇ ಲೇನಿನಿಂದ 43.03 ಸೆಕೆಂಡಿನಲ್ಲಿ ಗುರಿ ಮುಟ್ಟಿ, ಮೈಕೆಲ್ ಜಾನ್ಸನ್ 1999ರಲ್ಲಿ ಸೆವಿಲ್ಲಾದಲ್ಲಿ ಬರೆದಿದ್ದ 43.18ರ ವಿಶ್ವದಾಖಲೆಯನ್ನು ಮುರಿದರು. ಯಾರನ್ನೂ ನೋಡದೆ ತಮ್ಮ ವೇಗವನ್ನು ತಾವೇ ಅಳೆದುಕೊಂಡು ಓಡಿದ ಆ ಎಣಿಕೆ, ನನ್ನ ದೃಷ್ಟಿಯಲ್ಲಿ, ದಾಖಲೆಗಿಂತಲೂ ದೊಡ್ಡದು.

ಎಣಿಕೆ ತಪ್ಪಿದರೆ ದೇಹ ಕ್ಷಮಿಸುವುದಿಲ್ಲ. ಸ್ನಾಯುವಿನಲ್ಲಿ ಸಿದ್ಧವಿರುವ, ಅದಕ್ಕೆ ನೇರವಾಗಿ ಶಕ್ತಿ ಕೊಡುವ ಎಟಿಪಿ ಎಂಬ ಅಣು ಒಂದೆರಡು ಸೆಕೆಂಡಿಗೆ ಸಾಲುತ್ತದೆ. ಅದನ್ನು ಮರುತುಂಬುವ ಕ್ರಿಯಾಟಿನ್ ಫಾಸ್ಫೇಟ್ ಪೂರ್ಣ ವೇಗದ ಓಟದಲ್ಲಿ ಹತ್ತು ಸೆಕೆಂಡಿನ ಆಸುಪಾಸಿನಲ್ಲಿ ಬಹುಪಾಲು ಕರಗುತ್ತದೆ. ಆಮೇಲೆ ಆಮ್ಲಜನಕಕ್ಕೆ ಕಾಯದೆ ಗ್ಲೈಕೋಜನ್ (ಸ್ನಾಯುವಿನಲ್ಲಿ ಕೂಡಿಟ್ಟ ಸಕ್ಕರೆ) ಒಡೆಯುವ ಕ್ರಿಯೆಯ ಮೇಲೆ ಭಾರ ಬೀಳುತ್ತದೆ. ಆಗ ಸ್ನಾಯುವಿನಲ್ಲಿ ಸೇರಿಕೊಳ್ಳುವ ಫಾಸ್ಫೇಟ್ ಮತ್ತು ಹೈಡ್ರೋಜನ್ ಅಯಾನುಗಳು ಕಾಲು ಕಟ್ಟಿಹೋಗುವುದಕ್ಕೆ ಮುಖ್ಯ ಕಾರಣಗಳೆಂದು ಪರಿಗಣಿಸಲಾಗಿದೆ. ಈ ದಣಿವಿನ ತಪ್ಪೆಲ್ಲವನ್ನೂ ಹೊತ್ತುಕೊಂಡಿರುವ, ಅದೇ ಕ್ರಿಯೆಯಲ್ಲಿ ಹುಟ್ಟುವ ಲ್ಯಾಕ್ಟೇಟ್ ವಾಸ್ತವದಲ್ಲಿ ಹೃದಯವೂ ಬಳಸುವ ಇಂಧನ. ಉಸಿರಿನ ಪಾಲೂ ಸಣ್ಣದಲ್ಲ: ಒಟ್ಟು ಶಕ್ತಿಯ ಸುಮಾರು ಐದನೇ ಎರಡು ಭಾಗ ಆಮ್ಲಜನಕದಿಂದಲೇ ಬರುತ್ತದೆ.

ಆದ್ದರಿಂದ ಕೊನೆಯ ನೂರು ಮೀಟರಿನಲ್ಲಿ ಎಲ್ಲರ ವೇಗವೂ ಇಳಿಯುತ್ತದೆ. 2024ರ ಪ್ಯಾರಿಸ್ ಫೈನಲ್‌ನಲ್ಲಿ ಅಮೆರಿಕದ ಕ್ವಿನ್ಸಿ ಹಾಲ್ ಆ ನೇರದಾರಿಯಲ್ಲಿ ಹಿಂದಿನಿಂದ ನುಗ್ಗಿಬಂದು 43.40ಕ್ಕೆ ಗೆದ್ದಾಗ, ಬ್ರಿಟನ್ನಿನ ಮ್ಯಾಥ್ಯೂ ಹಡ್ಸನ್-ಸ್ಮಿತ್ 0.04 ಸೆಕೆಂಡ್ ಹಿಂದುಳಿದರು. ಹಾಲ್ ವೇಗ ಹೆಚ್ಚಿಸಿಕೊಂಡಂತೆ ಕಣ್ಣಿಗೆ ತೋರಿತು; ನಿಜದಲ್ಲಿ ಅವರು ಉಳಿದವರಿಗಿಂತ ಕಡಿಮೆ ನಿಧಾನವಾದರು.